ವಿಹಾರವೂ ಯಾತ್ರೆಯೂ

ಪೂರ್ವ ಏಷ್ಯಾದ ದೇಶಗಳಿಗೆ, ಅದರಲ್ಲಿಯೂ ಜಪಾನಿಗೆ, ಹೋಗಿ ಬರುವವರ ಮಾತಿನಲ್ಲಿ ಈಚೆಗೆ ಒಂದು ವ್ಯತ್ಯಾಸ ತೋರುತ್ತಿದೆ. ಹಿಂದೆ ಹೋಗಿ ಬಂದವರು ತಾವು ಕಂಡ ಮಂದಿರಗಳನ್ನೂ ಉದ್ಯಾನಗಳನ್ನೂ ವರ್ಣಿಸುತ್ತಿದ್ದರು. ಈಗ ಹೋಗಿ ಬರುವವರು ತಾವು ಅಲ್ಲಿ ಏನೇನು ಮಾಡಿದೆವೆಂಬುದನ್ನು ಹೇಳುತ್ತಾರೆ. ಕುಮಾನೊ ಪರ್ವತಗಳ ಪ್ರಾಚೀನ ಯಾತ್ರಾಪಥದಲ್ಲಿ ಹಗಲೆಲ್ಲ ನಡೆದದ್ದು, ಹೊಳೆಯ ಸೆಳವಿನಲ್ಲಿ ದೋಣಿಗೆ ಹುಟ್ಟು ಹಾಕಿದ್ದು, ಬೌದ್ಧ ಮಂದಿರದಲ್ಲಿ ನಸುಕಿಗೆ ಎದ್ದು ಧ್ಯಾನಕ್ಕೆ ಕುಳಿತದ್ದು, ಇವೇ ಅವರ ಪ್ರವಾಸಕಥನದ ಸಾರ. ದಕ್ಷಿಣ ಕೊರಿಯಾದಲ್ಲಿ 2002ರ ವಿಶ್ವಕಪ್ ಫುಟ್‌ಬಾಲ್ ಪಂದ್ಯಗಳ ಕಾಲಕ್ಕೆ ಬಂದ ಪರದೇಶಿಗಳಿಗಾಗಿ ಬೌದ್ಧ ಮಠಗಳು ತಮ್ಮ ಬಾಗಿಲು ತೆರೆದು, ಅತಿಥಿಗಳು ಭಿಕ್ಷುಗಳೊಡನೆ ಉಂಡು, ಮಲಗಿ, ಪ್ರಣಾಮ ಮಾಡಿ, ಅವರ ದಿನಚರಿಯಲ್ಲಿ ಒಂದಾಗಿ ಇರುವ ಏರ್ಪಾಡನ್ನು ಆರಂಭಿಸಿದವು. ಅದು ಇಂದಿಗೂ ನಡೆದಿದೆ. ದೇಹವನ್ನು ದಣಿಸಿ ಮನಸ್ಸಿಗೆ ವಿಶ್ರಾಂತಿಯನ್ನು ಪಡೆಯುವ ಈ ಬಗೆಯ ರಜೆಗೆ ಜನರು ಹಣ ತೆತ್ತು, ಸಮುದ್ರ ದಾಟಿ ಹೋಗುತ್ತಾರೆ.

ಇದು ನಮಗೆ ಬರಿಯ ದೂರದ ಸುದ್ದಿಯಲ್ಲ. ನಮ್ಮ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ಎಡದಂಡೆಯ ಮೇಲೆ, ಆನೆಗೊಂದಿ ಸಾಣಾಪುರಗಳ ಸುತ್ತಣ ಬೆಟ್ಟಬಂಡೆಗಳ ನಡುವೆ ಇದೇ ವ್ಯಾಪಾರ ಹಲವು ವರ್ಷಗಳಿಂದ ನಡೆದುಬಂದಿದೆ. ಹರಿಗೋಲಿನಲ್ಲಿ ಕುಳಿತು ಕೆರೆಯನ್ನು ಸುತ್ತುವವರು, ಭತ್ತದ ಗದ್ದೆಗಳ ನಡುವೆ ಸೈಕಲ್ ತುಳಿಯುವವರು, ಬಂಡೆಗಳನ್ನು ಬರಿಗೈಯಿಂದ ಹತ್ತುವವರು ದೇಶದೇಶಾಂತರಗಳಿಂದ ಇಲ್ಲಿಗೆ ಬರುತ್ತಾರೆ. ಅದೇ ನೆಲದಲ್ಲಿ ಅಂಜನಾದ್ರಿ ಇದೆ, ಪಂಪಾಸರೋವರ ಇದೆ, ಶಬರಿಯ ಹೆಸರಿನ ಗುಹೆ ಇದೆ. ಕಿಷ್ಕಿಂಧೆಯೆಂದು ತಲೆತಲಾಂತರದಿಂದ ನಮ್ಮವರು ನಂಬಿಕೊಂಡು ಬಂದ ಕ್ಷೇತ್ರವೇ ಇದಾಗಿರುವುದರಿಂದ ಇಲ್ಲಿ ಒಂದು ಪ್ರಶ್ನೆ ತಾನಾಗಿ ಏಳುತ್ತದೆ. ಪುಣ್ಯಕ್ಷೇತ್ರದಲ್ಲಿ ಕೇವಲ ಆನಂದಕ್ಕಾಗಿ ಕೈಗೊಂಡ ದೇಹಶ್ರಮವು ಪೂಜೆಯ ಒಂದು ಬಗೆಯೇ, ಪೂಜೆಗಿಂತ ಕೆಳಗಿನ ಒಂದು ನಿರ್ದೋಷವಾದ ಆಟವೇ, ಅಥವಾ ಕ್ಷೇತ್ರಕ್ಕೆ ಬಗೆದ ಅಪಚಾರವೇ?

ಪ್ರಶ್ನೆಯು ಸುಲಭವಲ್ಲವೆಂಬುದು ಆ ಬಂಡೆಗಳ ಬಳಿ ಅರ್ಧ ಗಳಿಗೆ ನಿಂತರೆ ತಿಳಿಯುತ್ತದೆ. ಚಳಿಗಾಲದ ಬೆಳಗಿನಲ್ಲಿ, ಕಲ್ಲು ಇನ್ನೂ ಕಾಯುವ ಮೊದಲು, ಬೆನ್ನಿನ ಮೇಲೆ ದಪ್ಪನೆಯ ಹಾಸಿಗೆಯೊಂದನ್ನು ಹೊತ್ತು ಬಂದ ಪರದೇಶದ ತರುಣನೊಬ್ಬನು ಅದನ್ನು ಬಂಡೆಯ ಬುಡದಲ್ಲಿ ಹಾಸುತ್ತಾನೆ. ಸೊಂಟಕ್ಕೆ ಕಟ್ಟಿದ ಚೀಲದೊಳಕ್ಕೆ ಕೈಯದ್ದಿ, ಅಂಗೈಗೆ ಬಿಳಿಯ ಪುಡಿಯನ್ನು ತೀಡಿಕೊಂಡು, ನಮ್ಮ ಕಣ್ಣಿಗೆ ಕಾಣಿಸದಷ್ಟು ಸಣ್ಣದಾದ ಒಂದು ಅಂಚನ್ನು ಎರಡು ಬೆರಳ ತುದಿಯಿಂದ ಹಿಡಿದು ಮೇಲೇಳುತ್ತಾನೆ. ಆಳೆತ್ತರಕ್ಕೆ ಹೋಗಿ ಜಾರಿ ಬೀಳುತ್ತಾನೆ. ಬಿದ್ದಲ್ಲಿಯೇ ಕುಳಿತು ಬಂಡೆಯನ್ನು ನೋಡುತ್ತಾನೆ. ಮತ್ತೆ ಕೈಗೆ ಪುಡಿ ತೀಡಿಕೊಳ್ಳುತ್ತಾನೆ. ಅವನ ಮುಖದಲ್ಲಿ ಆಗ ಇರುವ ಏಕಾಗ್ರತೆಯನ್ನು ಜಪಕ್ಕೆ ಕುಳಿತ ಎಷ್ಟೋ ಮಂದಿಯ ಮುಖದಲ್ಲಿ ನಾನು ಕಂಡಿಲ್ಲ. ಇಲ್ಲಿಂದ ಸ್ವಲ್ಪ ದೂರದಲ್ಲಿ, ಅದೇ ಜಾತಿಯ ಕಲ್ಲಿನಲ್ಲಿ ಕಡಿದ ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಏರುತ್ತ, ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿ ಕೈ ಮುಗಿಯುವ ತಾಯಿಯೊಬ್ಬಳು ಬಾಯಲ್ಲಿ ಹನುಮಪ್ಪನ ಹೆಸರು ಹೇಳುತ್ತ ಮೇಲಕ್ಕೆ ಹೋಗುತ್ತಿರುತ್ತಾಳೆ. ಕಲ್ಲು ಒಂದೇ, ಬಿಸಿಲು ಒಂದೇ, ಬೆವರೂ ಒಂದೇ. ಹಂಪೆಯ ಸೀಮೆಯ ಬಂಡೆಗಳನ್ನು ಹತ್ತಿದ ಕ್ರಿಸ್ ಶರ್ಮಾ ಮೊದಲಾದ ಅಮೆರಿಕದ ಆರೋಹಿಗಳನ್ನು ಕುರಿತು 2003ರಲ್ಲಿ ಬಂದ ಚಲಚ್ಚಿತ್ರಕ್ಕೆ ಇಟ್ಟ ಹೆಸರು ‘ಪಿಲ್‌ಗ್ರಿಮೇಜ್’ ಎಂದು. ಆಟಕ್ಕೆಂದು ಬಂದವರಿಗೂ ತಮ್ಮ ಬರವು ಆಟಕ್ಕಿಂತ ಹೆಚ್ಚಿನದೇನೋ ಎಂದು ತೋರಿತೆಂಬುದಕ್ಕೆ ಇದು ಸಾಕ್ಷಿ.

ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳು ನಮ್ಮಲ್ಲಿ ಪ್ರಚಲಿತವಾಗಿವೆ. ಕ್ಷೇತ್ರವು ದೇವರದು, ಅಲ್ಲಿ ವಿನೋದಕ್ಕೆ ಎಡೆಯಿಲ್ಲ, ಬಂದವನು ಸ್ನಾನ ಮಾಡಿ ದರ್ಶನ ಪಡೆದು ಪ್ರಸಾದ ಸ್ವೀಕರಿಸಿ ಹೋಗಬೇಕು ಎಂಬುದು ಒಂದು. ಎಲ್ಲವೂ ಒಂದೇ, ಬೆಟ್ಟ ಹತ್ತುವವನಿಗೆ ಬೆಟ್ಟವೇ ದೇವರು, ಅವರವರ ಆನಂದ ಅವರವರಿಗೆ ಎಂಬುದು ಇನ್ನೊಂದು. ಮೊದಲನೆಯದು ಆನಂದವನ್ನೇ ಅನುಮಾನಿಸುತ್ತದೆ. ಎರಡನೆಯದು ವಿವೇಚನೆಯನ್ನೇ ಕೈಬಿಡುತ್ತದೆ. ವಿರೂಪಾಪುರಗಡ್ಡೆಯ ವಿಷಯದಲ್ಲಿ ಈ ಎರಡು ಪಕ್ಷಗಳೂ ಬಹುಕಾಲ ವಾದಿಸಿದವು. ನದಿಯು ಎರಡಾಗಿ ಹರಿದು ಬಳಸಿರುವ ಆ ನಡುಗಡ್ಡೆಯಲ್ಲಿ ಎದ್ದಿದ್ದ ವಸತಿಗೃಹಗಳನ್ನು, 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿದ ಮೇಲೆ, ಮಾರ್ಚ್ ತಿಂಗಳಲ್ಲಿ ತೆರವುಗೊಳಿಸಲಾಯಿತು. ಆದರೆ ನ್ಯಾಯಾಲಯದ ಮುಂದಿದ್ದದ್ದು ಪಾರಂಪರಿಕ ಪ್ರದೇಶದಲ್ಲಿ ಏನನ್ನು ಕಟ್ಟಬಹುದು, ಏನನ್ನು ಕಟ್ಟಬಾರದು ಎಂಬ ಪ್ರಶ್ನೆ. ಕಟ್ಟಡವು ಕಾನೂನಿಗೆ ವಿರುದ್ಧವಾಗಿತ್ತೇ ಎಂಬುದನ್ನು ಕಾನೂನು ನಿರ್ಣಯಿಸಬಲ್ಲದು. ಅಲ್ಲಿ ಇಳಿದುಕೊಂಡಿದ್ದವನ ಪ್ರಯಾಣವು ಧರ್ಮವೋ ಅಲ್ಲವೋ ಎಂಬುದು ಅದರ ಅಧಿಕಾರಕ್ಕೆ ಒಳಪಟ್ಟ ವಿಷಯವಲ್ಲ. ಆ ವಿಚಾರವನ್ನು ನಾವೇ ಮಾಡಬೇಕು.

ಮಾಡುವುದಕ್ಕೆ ಬೇಕಾದ ಸಾಮಗ್ರಿಯು ನಮ್ಮ ಜಿಲ್ಲೆಯ ಕಲ್ಲುಗಳಲ್ಲಿಯೇ ಇದೆ. ಕೊಪ್ಪಳದ ಗವಿಮಠದ ಬೆಟ್ಟದ ಮೇಲೂ, ಊರಿನ ಪಶ್ಚಿಮಕ್ಕಿರುವ ಪಾಲ್ಕಿಗುಂಡಿನ ಮೇಲೂ ಅಶೋಕನು ಕೊರೆಯಿಸಿದ ಬ್ರಾಹ್ಮೀಲಿಪಿಯ ಶಾಸನಗಳಿವೆ. 1915ರಲ್ಲಿ ಮಸ್ಕಿಯ ಶಾಸನ ಬೆಳಕಿಗೆ ಬಂದು ಅಶೋಕನ ಹೆಸರನ್ನು ಲೋಕಕ್ಕೆ ಖಚಿತಪಡಿಸಿದ ಹದಿನಾರು ವರ್ಷಗಳ ಮೇಲೆ, 1931ರಲ್ಲಿ, ಇವು ವಿದ್ವಾಂಸರ ಗಮನಕ್ಕೆ ಬಂದವು. ಈ ಶಾಸನದ ತಾತ್ಪರ್ಯವಾದರೂ ಏನು? ತಾನು ಉಪಾಸಕನಾಗಿ ಎರಡೂವರೆ ವರ್ಷಗಳಾದುವೆಂದೂ, ಮೊದಲಲ್ಲಿ ತಾನು ಸಾಕಷ್ಟು ಪರಾಕ್ರಮಿಸಲಿಲ್ಲವೆಂದೂ, ಸಂಘದ ಬಳಿಗೆ ಹೋದ ಬಳಿಕ ಹೆಚ್ಚಾಗಿ ಪ್ರಯತ್ನಿಸಿದೆನೆಂದೂ, ಪ್ರಯತ್ನದ ಫಲವು ದೊಡ್ಡವರಿಗೆ ಮಾತ್ರ ದೊರೆಯತಕ್ಕದ್ದಲ್ಲ, ಸಣ್ಣವನೂ ಪರಾಕ್ರಮಿಸಿದರೆ ಸ್ವರ್ಗವನ್ನು ಪಡೆಯಬಲ್ಲನೆಂದೂ ಚಕ್ರವರ್ತಿಯು ಹೇಳುತ್ತಾನೆ. ಈ ಶಾಸನದ ಹಲವು ಪ್ರತಿಗಳ ಕೊನೆಯಲ್ಲಿ ಬರುವ 256 ಎಂಬ ಸಂಖ್ಯೆಯನ್ನು, ಅರಮನೆಯಿಂದ ಹೊರಗೆ ಸಂಚಾರದಲ್ಲಿ ಆತನು ಕಳೆದ ರಾತ್ರಿಗಳ ಎಣಿಕೆಯೆಂದು ಅನೇಕ ವಿದ್ವಾಂಸರು ಅರ್ಥಮಾಡಿದ್ದಾರೆ. ಹೀಗೆ ಪರಾಕ್ರಮವನ್ನು ಕುರಿತ ಉಪದೇಶವೊಂದನ್ನು, ಪ್ರಯಾಣದ ನಡುವಿನಿಂದ, ಏದುಸಿರು ಬಿಡುತ್ತ ಏರಿಹೋಗಬೇಕಾದ ಬಂಡೆಯ ಮೇಲೆ ಬರೆಯಿಸಲಾಗಿದೆ. ಬಯಲಿನಲ್ಲಿ ಕಂಬ ನೆಡಿಸುವುದು ತಿಳಿಯದ ಅರಸನೇನಲ್ಲ ಅವನು. ಆದರೂ ಇಲ್ಲಿ ಓದುವವನು ಮೊದಲು ಹತ್ತಬೇಕು.

ಆದರೆ ನಮ್ಮ ಪ್ರಶ್ನೆಗೆ ನೇರವಾದ ಉತ್ತರವಿರುವುದು ಈ ಶಾಸನದಲ್ಲಿ ಅಲ್ಲ. ಗಿರಿನಾರಿನಲ್ಲಿಯೂ, ನಮಗೆ ಸಮೀಪದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿಯೂ ಇರುವ ಎಂಟನೆಯ ಶಿಲಾಶಾಸನದಲ್ಲಿ. ಹಿಂದಿನ ಅರಸರು ವಿಹಾರಯಾತ್ರೆಗಳಿಗೆ ಹೊರಡುತ್ತಿದ್ದರು, ಅವುಗಳಲ್ಲಿ ಬೇಟೆಯೂ ಅಂಥ ಇತರ ವಿನೋದಗಳೂ ಇರುತ್ತಿದ್ದುವು ಎಂದು ಅದರಲ್ಲಿ ಹೇಳಿದೆ. ಪಟ್ಟಾಭಿಷೇಕದ ಹತ್ತು ವರ್ಷಗಳ ಮೇಲೆ ಅಶೋಕನು ಸಂಬೋಧಿಗೆ, ಎಂದರೆ ಬೋಧಗಯೆಗೆ, ಹೋದನು. ಅಂದಿನಿಂದ ಅವನ ಪ್ರಯಾಣಗಳು ಧರ್ಮಯಾತ್ರೆಗಳಾದುವು. ಈ ಯಾತ್ರೆಯಲ್ಲಿ ಏನೇನು ನಡೆಯುತ್ತದೆಂಬುದನ್ನೂ ಆತನು ಹೇಳಿದ್ದಾನೆ. ಶ್ರಮಣರ, ಬ್ರಾಹ್ಮಣರ ದರ್ಶನ ಮತ್ತು ಅವರಿಗೆ ದಾನ. ವೃದ್ಧರ ದರ್ಶನ ಮತ್ತು ಅವರಿಗೆ ಹಿರಣ್ಯದ ನೆರವು. ನಾಡಿನ ಹಳ್ಳಿಗಳ ಜನರನ್ನು ಕಾಣುವುದು. ಅವರಿಗೆ ಧರ್ಮವನ್ನು ಹೇಳುವುದು, ಧರ್ಮವನ್ನು ಕುರಿತು ಪರಸ್ಪರ ಪ್ರಶ್ನಿಸುವುದು. ಯಾವ ಕೊಳದಲ್ಲಿ ಮಿಂದರೆ ಎಷ್ಟು ಪುಣ್ಯ, ಯಾವ ಬೆಟ್ಟವನ್ನು ಎಷ್ಟು ಸಲ ಸುತ್ತಬೇಕು ಎಂಬ ಮಾತು ಅಲ್ಲಿಲ್ಲ. ಯಾತ್ರೆಯನ್ನು ಯಾತ್ರೆಯಾಗಿ ಮಾಡಿದ್ದು ಆ ನೆಲದ ಜನರ ಕಡೆಗೆ ತಿರುಗಿದ ಮುಖ. ಕೊಟ್ಟದ್ದು, ಕಂಡದ್ದು, ಕೇಳಿದ್ದು.

ನನ್ನನ್ನು ಹೆಚ್ಚು ತಡೆದು ನಿಲ್ಲಿಸುವುದು ಆ ಶಾಸನದ ಕೊನೆಯ ಮಾತು. ಈ ಯಾತ್ರೆಗಳಿಂದ ತನಗೆ ದೊರೆಯುವ ಸಂತೋಷವು ಬೇರೆ ಎಲ್ಲ ಸಂತೋಷಗಳಿಗಿಂತ ಅಧಿಕವಾದುದೆಂದು ಅರಸನು ಹೇಳಿಕೊಂಡಿದ್ದಾನೆ. ವಿಹಾರಯಾತ್ರೆಯನ್ನು ಬಿಟ್ಟವನು ಸಂತೋಷವನ್ನು ಬಿಡಲಿಲ್ಲ. ಸಂತೋಷಿಸುವುದು ಅಧರ್ಮವೆಂದು ಅವನಿಗೆ ತೋರಲಿಲ್ಲ. ಬೇಟೆಯ ಸುಖವನ್ನು ಹಿಂದಿಕ್ಕುವಂಥ ಸುಖವೊಂದು ಮನುಷ್ಯರನ್ನು ಕಂಡು ಮಾತನಾಡುವುದರಲ್ಲಿ ದೊರೆಯಿತು, ಅಷ್ಟೆ. ಆದಕಾರಣ ಕ್ಷೇತ್ರದಲ್ಲಿ ಆನಂದಪಡುವವನನ್ನು ಕಂಡು ಹುಬ್ಬು ಗಂಟಿಕ್ಕುವವರಿಗೆ ಅಶೋಕನ ಆಧಾರ ದೊರೆಯಲಾರದು.

ಅಂಜನಾದ್ರಿಯ ಸ್ವಾಮಿಯ ಕಥೆಯಾದರೂ ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತದೆಂದು ನನ್ನ ಭಾವನೆ. ರಾಮಾಯಣದಲ್ಲಿ ಬರುವ ಆಂಜನೇಯನ ಎರಡು ಹಾರಾಟಗಳನ್ನು ಇಲ್ಲಿ ನೆನೆಯಬೇಕು. ಶಿಶುವಾಗಿದ್ದಾಗ ಉದಯಿಸುತ್ತಿದ್ದ ಸೂರ್ಯನನ್ನು ಹಣ್ಣೆಂದು ಬಗೆದು, ಹಿಡಿಯಲೆಂದು ನೆಗೆದನು. ಇಂದ್ರನ ವಜ್ರವು ತಾಗಿ ದವಡೆ ಮುರಿದು ಬಿದ್ದನು. ದೊಡ್ಡವನಾದ ಮೇಲೆ ಸೀತೆಯನ್ನು ಅರಸಿ ಸಮುದ್ರವನ್ನು ಲಂಘಿಸಿದನು. ನಡುವೆ ಮೈನಾಕ ಪರ್ವತವು ಮೇಲೆದ್ದು ವಿಶ್ರಮಿಸಿಕೊಂಡು ಹೋಗೆಂದು ಬೇಡಿದರೂ ಅದನ್ನು ಕೈಯಿಂದ ಮುಟ್ಟಿ, ಮನ್ನಿಸಿ, ನಿಲ್ಲದೆ ಮುಂದಕ್ಕೆ ಹೋದನು. ದೇಹ ಅದೇ, ಬಲ ಅದೇ, ಹಾರಿದ ಆಕಾಶವೂ ಅದೇ. ಮೊದಲನೆಯದು ತನ್ನ ಹಸಿವೆಗಾಗಿ, ತನ್ನ ಕುತೂಹಲಕ್ಕಾಗಿ. ಎರಡನೆಯದು ಇನ್ನೊಬ್ಬರ ದುಃಖಕ್ಕಾಗಿ. ಆದರೆ ವಾಲ್ಮೀಕಿಯು ಮೊದಲನೆಯ ನೆಗೆತವನ್ನು ತಿರಸ್ಕರಿಸಿ ಕೈಬಿಡುವುದಿಲ್ಲ. ಕಡಲತಡಿಯಲ್ಲಿ ಕಪಿಗಳೆಲ್ಲ ಧೈರ್ಯಗುಂದಿ ಕುಳಿತಿದ್ದಾಗ ಮುದುಕನಾದ ಜಾಂಬವಂತನು ಹನುಮಂತನ ಬಳಿಗೆ ಹೋಗಿ ನೆನಪಿಸುವುದು ಆ ಬಾಲ್ಯದ ಹಾರಾಟವನ್ನೇ. ಆಟದಲ್ಲಿ ತಿಳಿದ ಬಲವೇ ಸೇವೆಗೆ ಒದಗಿತು. ತರುಣರು ಬಂಡೆ ಹತ್ತುವುದನ್ನು ವ್ಯರ್ಥವೆಂದು ಹೇಳುವ ಹಿರಿಯರು ಜಾಂಬವಂತನ ಹಿರಿತನವನ್ನು ಸ್ವಲ್ಪ ಅಭ್ಯಾಸ ಮಾಡುವುದು ಒಳ್ಳೆಯದು.

ಇನ್ನೊಂದು ಪ್ರಸಂಗವೂ ಸ್ಮರಣೀಯವಾಗಿದೆ. ಸೀತೆಯ ವಾರ್ತೆಯನ್ನು ಹೊತ್ತು ಹಿಂದಿರುಗಿದ ವಾನರರು ಸುಗ್ರೀವನ ಮಧುವನಕ್ಕೆ ನುಗ್ಗಿ, ಕಾವಲುಗಾರನಾದ ದಧಿಮುಖನನ್ನು ಬಡಿದು, ಜೇನು ಕುಡಿದು, ಕುಣಿದು, ಹಾಡಿ, ಬಿದ್ದು ಹೊರಳಾಡಿದರು. ದೂರನ್ನು ಕೇಳಿದ ಸುಗ್ರೀವನು ಸಿಟ್ಟಾಗಲಿಲ್ಲ; ಕಾರ್ಯವು ಸಿದ್ಧಿಸದೆ ಇದ್ದಿದ್ದರೆ ಇವರಿಗೆ ಇಷ್ಟು ಉತ್ಸಾಹ ಬರುತ್ತಿರಲಿಲ್ಲವೆಂದು ಊಹಿಸಿ ಹರ್ಷಗೊಂಡನು. ಕಿಷ್ಕಿಂಧೆಯ ನೆಲದಲ್ಲಿ ಕ್ರೀಡೆಗೆ ಎಡೆಯಿಲ್ಲವೆಂದವರು ಯಾರು? ದಧಿಮುಖನ ಪಾಡು ಮಾತ್ರ ನನ್ನ ಮನಸ್ಸಿನಲ್ಲಿ ಉಳಿದೇ ಇದೆ. ಅತಿಥಿಗಳ ಉಲ್ಲಾಸದ ನಡುವೆ ಪೆಟ್ಟು ತಿನ್ನುವವನು ಆ ತೋಟವನ್ನು ಕಾಯುವವನು. ಆ ಮಾತಿಗೆ ಮುಂದೆ ಬರುತ್ತೇನೆ.

ಹಾಗಾದರೆ ದೇಹಶ್ರಮವೇ ತಪಸ್ಸು, ದಣಿದಷ್ಟೂ ಪುಣ್ಯ ಎನ್ನೋಣವೇ? ಹೀಗೆನ್ನುವ ಪರಂಪರೆಗಳಿಗೆ ಕೊರತೆಯಿಲ್ಲ. ಕೊಪ್ಪಳವು ಪ್ರಾಚೀನ ಕಾಲದಲ್ಲಿ ಕೊಪಣವೆಂಬ ಹೆಸರಿನ ಜೈನ ಮಹಾತೀರ್ಥವಾಗಿತ್ತು. ಸಲ್ಲೇಖನ ವ್ರತವನ್ನು ಕೈಗೊಂಡು ದೇಹವನ್ನು ಕ್ರಮಕ್ರಮವಾಗಿ ತೊರೆಯುವುದಕ್ಕೆ ಸಾಧಕರು ಇಲ್ಲಿಗೆ ಬರುತ್ತಿದ್ದರು. ‘ವರಾಂಗಚರಿತ’ವನ್ನು ಬರೆದ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬವನು ಕಲ್ಲಿನಲ್ಲಿ ಕಡೆಯಿಸಿದ್ದು ಅದೇ ಪಾಲ್ಕಿಗುಂಡಿನ ಮೇಲೆ. ಪರಾಕ್ರಮಿಸೆಂದು ಅರಸನು ಬರೆಯಿಸಿದ ಬೆಟ್ಟದಲ್ಲಿ ಪರಾಕ್ರಮದ ಕೊನೆಯನ್ನು ಕಂಡವರ ಗುರುತೂ ಇದೆ. ಜಪಾನಿನ ಹಿಯೆಯಿ ಪರ್ವತದ ಕೆಲವು ಭಿಕ್ಷುಗಳು ಏಳು ವರ್ಷಗಳ ಅವಧಿಯಲ್ಲಿ ಸಾವಿರ ದಿನ ಪರ್ವತಮಾರ್ಗಗಳನ್ನು ಸುತ್ತುವ ಘೋರವ್ರತವನ್ನು ಆಚರಿಸುತ್ತಾರೆ. ಇವರ ವಿಷಯದಲ್ಲಿ ನನಗೆ ಅಪಾರವಾದ ಗೌರವವಿದೆ. ಆದರೆ ಇವರು ಯಾರೂ ಶ್ರಮವನ್ನು ಅದಕ್ಕಾಗಿಯೇ ಅರಸಿದವರಲ್ಲ.

ಹುಲಿಗಿಯಲ್ಲಿ ಹುಲಿಗೆಮ್ಮನಿಗೆ ದೀಡ ನಮಸ್ಕಾರ ಹಾಕುವವರನ್ನು ನೋಡಬೇಕು. ತುಂಗಭದ್ರೆಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲಿಯೇ ದಾರಿಯ ಮೇಲೆ ಉದ್ದಕ್ಕೆ ಮಲಗಿ ಕೈಚಾಚುತ್ತಾರೆ. ಬೆರಳ ತುದಿ ಮುಟ್ಟಿದಲ್ಲಿ ಗೆರೆ ಎಳೆದು, ಎದ್ದು, ಆ ಗೆರೆಯ ಮೇಲೆ ನಿಂತು ಕೈಮುಗಿದು ಮತ್ತೆ ಮಲಗುತ್ತಾರೆ. ಎದೆಗೆ ಮಣ್ಣು, ಹಣೆಗೆ ಮಣ್ಣು. ಪಕ್ಕದಲ್ಲಿ ಮನೆಯವರೊಬ್ಬರು ತಂಬಿಗೆಯಲ್ಲಿ ನೀರು ಹಿಡಿದು ನಡೆಯುತ್ತಾರೆ. ಹೀಗೆ ಬಂದ ಹೆಣ್ಣುಮಗಳೊಬ್ಬಳನ್ನು, ಸೇವೆ ಮುಗಿದು ಆಕೆ ನೆರಳಿಗೆ ಕುಳಿತ ಮೇಲೆ, ಭಾಳ ತ್ರಾಸಾತೇನವ್ವಾ ಎಂದು ಕೇಳಿದೆ. “ತ್ರಾಸ ಯಾತರದ್ರಿ, ಮಗನಿಗೆ ಆರಾಮ ಆತಲ್ಲ” ಎಂದಳು. ಆಕೆಯ ದೇಹವು ಪಟ್ಟ ಪಾಡೆಲ್ಲ ಇನ್ನೊಂದು ದೇಹದ ಸ್ವಾಸ್ಥ್ಯದ ಕಡೆಗೆ ಹರಿದುಹೋಗಿತ್ತು. ತನ್ನ ಶಕ್ತಿ ಎಷ್ಟೆಂಬ ಲೆಕ್ಕ ಆಕೆಯ ಬಳಿ ಇರಲಿಲ್ಲ. ಇಲ್ಲಿಂದ ಹಿಂದಿರುಗಿ ಬಂಡೆಯ ಬುಡದಲ್ಲಿ ಕುಳಿತ ಆ ತರುಣನನ್ನು ನೆನೆದರೆ, ಅವನಲ್ಲಿ ಕೊರತೆಯೆಂದು ನಾನು ಬಗೆಯುವುದು ಭಕ್ತಿಯನ್ನಲ್ಲ. ಅವನ ಶ್ರಮವು ಹೊರಟಲ್ಲಿಗೇ ಹಿಂದಿರುಗುತ್ತದೆ, ಯಾರನ್ನೂ ತಲುಪುವುದಿಲ್ಲ.

ಮಹಾಭಾರತದ ವನಪರ್ವದಲ್ಲಿ ಪುಲಸ್ತ್ಯ ಋಷಿಯು ತೀರ್ಥಯಾತ್ರೆಯನ್ನು ಕೊಂಡಾಡುತ್ತ, ಯಜ್ಞಗಳಿಗೆ ಬೇಕಾದ ಸಂಭಾರಗಳನ್ನು ಅರಸರೂ ಧನವಂತರೂ ಮಾತ್ರ ಕೂಡಿಸಬಲ್ಲರು, ದರಿದ್ರನಿಗೂ ಸಾಧ್ಯವಾದುದು ತೀರ್ಥಾಭಿಗಮನ ಎನ್ನುತ್ತಾನೆ. ಸಣ್ಣವನೂ ಪಡೆಯಬಲ್ಲನೆಂಬ ಕೊಪ್ಪಳದ ಶಾಸನಕ್ಕೆ ಇದು ಸಮೀಪದ ಮಾತು. ಇಂದಿನ ಸಾಹಸಪ್ರವಾಸವನ್ನು ಈ ಅಳತೆಯಿಂದ ಅಳೆದರೆ ಅದು ಯಾತ್ರೆಗಿಂತ ಯಜ್ಞಕ್ಕೆ ಹತ್ತಿರವಾಗಿದೆ, ಏಕೆಂದರೆ ದಣಿಯುವುದಕ್ಕೂ ಮೊದಲು ದ್ರವ್ಯ ಬೇಕು. ಇದೇ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಸೀಮೆಯಿಂದ ಮಳೆ ಕೈಕೊಟ್ಟ ವರ್ಷಗಳಲ್ಲಿ ಸಾವಿರಾರು ಸಂಸಾರಗಳು ಗುಳೆ ಹೋಗುತ್ತವೆ. ಗಂಗಾವತಿಯ ಗದ್ದೆಗಳಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದಿತು. ಕುಷ್ಟಗಿ, ಯಲಬುರ್ಗಾಗಳ ನೆಲ ಬಹುಮಟ್ಟಿಗೆ ಆಕಾಶವನ್ನೇ ನಂಬಿಕೊಂಡಿದೆ. ಪಾತ್ರೆಪಗಡೆ, ಹಾಸಿಗೆಯ ಸುರುಳಿ, ಜೋಳದ ಹಿಟ್ಟಿನ ಚೀಲಗಳೊಡನೆ ರಾತ್ರಿಯ ಬಸ್ಸನ್ನು ಹತ್ತಿ ಅವರು ಮಂಗಳೂರಿಗೆ, ಬೆಂಗಳೂರಿಗೆ, ಗೋವೆಗೆ ಹೋಗಿ ಕಟ್ಟಡಗಳಿಗೆ ಕಲ್ಲು ಮಣ್ಣು ಹೊರುತ್ತಾರೆ. ಅವರದೂ ಪ್ರಯಾಣವೇ, ಅವರದೂ ದೇಹಶ್ರಮವೇ. ಒಂದೇ ಜಿಲ್ಲೆಗೆ ದಣಿಯುವ ಸುಖವನ್ನು ಕೊಳ್ಳಲು ಜನ ಬರುತ್ತಾರೆ. ಅದೇ ಜಿಲ್ಲೆಯಿಂದ ದಣಿವನ್ನು ಮಾರಲು ಜನ ಹೋಗುತ್ತಾರೆ. ದೇಹಶ್ರಮದಿಂದ ಆತ್ಮಕ್ಕೆ ಉನ್ನತಿಯುಂಟೆಂದು ಸುಲಭವಾಗಿ ಹೇಳುವ ಯಾವ ತತ್ತ್ವಜ್ಞಾನವೂ ಆ ಬಸ್ಸಿನ ಮುಂದೆ ನಿಂತು ತನ್ನನ್ನು ಪರೀಕ್ಷಿಸಿಕೊಳ್ಳಬೇಕು. ಆಯ್ದುಕೊಂಡ ಶ್ರಮವೇ ಬೇರೆ, ಹೊಟ್ಟೆಯು ಹೊರಿಸಿದ ಶ್ರಮವೇ ಬೇರೆ. ಮೊದಲನೆಯದರ ಸವಿಯನ್ನು ಕಂಡವನಿಗೆ ಎರಡನೆಯದರ ಅರಿವು ಸ್ವಲ್ಪವಾದರೂ ಆಗದಿದ್ದರೆ ಅವನು ಬೆಟ್ಟದಿಂದ ಬರಿಗೈಯಲ್ಲಿ ಇಳಿದುಬಂದನೆಂದೇ ನನ್ನ ತೀರ್ಮಾನ.

ದಧಿಮುಖನ ಮಾತಿಗೆ ಬರುತ್ತೇನೆ. ಆನೆಗೊಂದಿಯ ಹೊಳೆಯಲ್ಲಿ ಹರಿಗೋಲು ನಡೆಸುವವನ ವೃತ್ತಿಯು ಬಹಳ ಹಳೆಯದು. 1520ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯೆಸನು ಬುಟ್ಟಿಯಂತೆ ದುಂಡಗಿರುವ, ಹೊರಗೆ ಚರ್ಮ ಹೊದಿಸಿದ ಈ ದೋಣಿಗಳನ್ನು ಕಂಡು, ಹದಿನೈದು ಇಪ್ಪತ್ತು ಜನರನ್ನೂ, ಬೇಕಾದರೆ ಕುದುರೆ ಎತ್ತುಗಳನ್ನೂ ಇವು ದಾಟಿಸುತ್ತವೆಂದು ಬರೆದಿದ್ದಾನೆ. ಈಗ ಚರ್ಮದ ಬದಲು ಡಾಂಬರು ಬಳಿದ ಹೊದಿಕೆ ಇದೆ. ಬಿದಿರಿನ ಹೆಣಿಗೆ ಹಾಗೆಯೇ ಉಳಿದಿದೆ. ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ. ಒಂದೇ ಹುಟ್ಟಿನಿಂದ ಅದನ್ನು ನೇರವಾಗಿ ನಡೆಸಬೇಕಾದರೆ ತೋಳಿಗೂ ಸೊಂಟಕ್ಕೂ ಬರಬೇಕಾದ ಹದವು ಒಂದೆರಡು ದಿನದ ಕಲಿಕೆಯಿಂದ ಬರತಕ್ಕದ್ದಲ್ಲ. ಆದರೆ ಇಂದು ಬರುವ ಅತಿಥಿಗಳು ಅವನಿಂದ ಬಯಸುವುದು ಅದನ್ನು ಗಿರ್ರನೆ ತಿರುಗಿಸಿ ತಮಗೆ ತಲೆಸುತ್ತು ಬರಿಸುವುದನ್ನು. ಅವನು ತಿರುಗಿಸುತ್ತಾನೆ, ಅದೇ ಅವನ ಸಂಪಾದನೆ. ನೂರಾರು ವರ್ಷಗಳ ವಿದ್ಯೆಯೊಂದು ತನ್ನ ಎದುರಿಗೇ ಕುಳಿತಿರುವಾಗ ಅದನ್ನು ಕುರಿತು ಒಂದು ಪ್ರಶ್ನೆಯನ್ನೂ ಕೇಳದೆ, ನಕ್ಕು, ಚಿತ್ರ ತೆಗೆಸಿಕೊಂಡು, ದುಡ್ಡಿಗೆ ಚೌಕಾಶಿ ಮಾಡಿ ಇಳಿದುಹೋಗುವವನು ಅಂದು ಬೆಳಗ್ಗೆ ಅಂಜನಾದ್ರಿಯನ್ನು ಏರಿ ಬಂದವನಾಗಿದ್ದರೂ ಅವನದು ವಿಹಾರ. ಅವನ ಬಳಿ ಕುಳಿತು ಹೊಳೆಯ ಸುಳಿಗಳೆಲ್ಲಿವೆ, ಬಿದಿರು ಎಲ್ಲಿಂದ ಬರುತ್ತದೆ, ಮಕ್ಕಳು ಈ ಕೆಲಸ ಕಲಿತರೇ ಎಂದು ವಿಚಾರಿಸಿದವನು, ದೇವರನ್ನು ನಂಬದ ಪರದೇಶಿಯಾಗಿದ್ದರೂ, ಧರ್ಮಯಾತ್ರೆಯ ಒಂದು ಅಂಗವನ್ನು ನೆರವೇರಿಸಿದನು. ಇದು ನನ್ನ ಕಲ್ಪನೆಯಲ್ಲ. ಎಂಟನೆಯ ಶಿಲಾಶಾಸನವನ್ನು ಆನೆಗೊಂದಿಗೆ ಅನ್ವಯಿಸಿದರೆ ಬರುವ ಅರ್ಥ ಇದೇ.

ಅತಿಥಿಯ ಧರ್ಮವನ್ನು ಹೇಳಿದ ಮೇಲೆ ಆತಿಥೇಯರ ಧರ್ಮವನ್ನು ಹೇಳದೆ ಬಿಡಲಾಗದು. ಜಪಾನಿನ ಶಿಕೊಕು ದ್ವೀಪದಲ್ಲಿ ಎಂಬತ್ತೆಂಟು ಮಂದಿರಗಳನ್ನು ಸುತ್ತುವ ಸುಮಾರು 1200 ಕಿಲೊಮೀಟರಿನ ಒಂದು ಪ್ರದಕ್ಷಿಣೆ ಇದೆ. ಕ್ರಿ.ಶ. 774ರಿಂದ 835ರವರೆಗೆ ಜೀವಿಸಿದ್ದ ಕೂಕಾಯ್ ಎಂಬ ಆಚಾರ್ಯರ ನೆನಪಿನದು ಅದು. ಯಾತ್ರಿಕನು ಹಿಡಿದ ಕೋಲಿನ ರೂಪದಲ್ಲಿ ಆಚಾರ್ಯರೇ ಜೊತೆಗೆ ನಡೆಯುತ್ತಾರೆಂದು ಅಲ್ಲಿನವರ ಶ್ರದ್ಧೆ. ದಾರಿಯ ಊರಿನವರು ಯಾತ್ರಿಕರನ್ನು ತಡೆದು ಹಣ್ಣು, ಚಹಾ, ಒಂದಿಷ್ಟು ಕಾಸು ಕೊಡುತ್ತಾರೆ. ನಡೆಯುವವನಿಗೆ ಕೊಟ್ಟರೆ ತಾವೂ ನಡೆದಂತೆಯೇ ಎಂದು ತಿಳಿಯುತ್ತಾರೆ. ಇದನ್ನು ಓದಿದಾಗ ಕೊಪ್ಪಳದವನಾದ ಯಾವನಿಗೂ ಗವಿಮಠದ ದಾಸೋಹವು ನೆನಪಾಗದೆ ಇರದು. ಪುಷ್ಯ ಬಹುಳ ಬಿದಿಗೆಯ ದಿನ ಗವಿಸಿದ್ಧೇಶ್ವರನ ತೇರು ಎಳೆಯುವುದಕ್ಕೆ ಎಷ್ಟೋ ದಿನ ಮೊದಲೇ ಸುತ್ತಲಿನ ಹಳ್ಳಿಗಳ ಮನೆಮನೆಗಳಲ್ಲಿ ಹೆಂಗಸರು ಜೋಳದ ರೊಟ್ಟಿ ಬಡಿದು, ಕಟಿಯಾಗಿ ಒಣಗಿಸಿ, ಗಂಟು ಕಟ್ಟುತ್ತಾರೆ. ಗಾಡಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ರೊಟ್ಟಿಯ ರಾಶಿ, ಮಾದಲಿ, ದವಸ, ಕಾಯಿಪಲ್ಯ ಮಠಕ್ಕೆ ಬರುತ್ತವೆ. ಪಂಕ್ತಿಯಲ್ಲಿ ಕುಳಿತವನಿಗೆ ತನ್ನ ತಟ್ಟೆಯ ರೊಟ್ಟಿಯನ್ನು ಯಾವ ಊರಿನ ಯಾವ ತಾಯಿ ಬಡಿದಳೆಂಬುದು ತಿಳಿಯುವಂತಿಲ್ಲ. ಬಡಿದ ತಾಯಿಗೂ ಅದನ್ನು ಉಂಡವರಾರೆಂಬುದು ತಿಳಿಯುವಂತಿಲ್ಲ. ಗುಳೆ ಹೋಗುವ ಊರುಗಳಿಂದಲೂ ರೊಟ್ಟಿ ಬರುತ್ತದೆಂಬುದನ್ನು ನೆನೆದಾಗ ಸಣ್ಣವನ ಪರಾಕ್ರಮವನ್ನು ಕುರಿತ ಶಾಸನವು ಆ ಬೆಟ್ಟದ ಮೇಲೆಯೇ ಇರುವುದು ಉಚಿತವಾಗಿಯೇ ಇದೆ ಎನ್ನಿಸುತ್ತದೆ.

ಇಂಥ ಆತಿಥ್ಯದ ನಾಡಿನಲ್ಲಿಯೇ, 2025ರ ಮಾರ್ಚ್ ತಿಂಗಳ ಒಂದು ರಾತ್ರಿ, ಸಾಣಾಪುರದ ಕಾಲುವೆಯ ದಡದಲ್ಲಿ ನಕ್ಷತ್ರಗಳನ್ನು ನೋಡುತ್ತ ಕುಳಿತಿದ್ದ ಅತಿಥಿಗಳ ಮೇಲೆಯೂ ಅವರನ್ನು ಕರೆದೊಯ್ದಿದ್ದ ಹೆಣ್ಣುಮಗಳ ಮೇಲೆಯೂ ಘೋರವಾದ ಹಲ್ಲೆ, ಅತ್ಯಾಚಾರಗಳು ನಡೆದುವು. ನೀರಿಗೆ ತಳ್ಳಲ್ಪಟ್ಟವರಲ್ಲಿ ಒಬ್ಬ ತರುಣನು ಪ್ರಾಣ ಬಿಟ್ಟನು. ಅಪರಾಧಕ್ಕೆ ಶಿಕ್ಷೆ ವಿಧಿಸುವುದು ನ್ಯಾಯಸ್ಥಾನದ ಕರ್ತವ್ಯ. ಆದರೆ ಕ್ಷೇತ್ರದ ಪಾವಿತ್ರ್ಯಕ್ಕೆ ಭಂಗ ಬಂದಿತೆಂದು ನಾವು ಕೂಗುವುದಾದರೆ ಪರದೇಶಿಯು ಬಂಡೆ ಹತ್ತಿದಾಗ ಅಲ್ಲ, ಆ ರಾತ್ರಿ ಕೂಗಬೇಕಾಗಿತ್ತು. ಕ್ಷೇತ್ರವನ್ನು ಕೆಡಿಸುವುದು ಅತಿಥಿಯ ನಗೆಯಲ್ಲ.

ಇಷ್ಟು ಹೇಳಿದುದಕ್ಕೆ ಒಂದು ಆಕ್ಷೇಪಣೆ ಬರಬಹುದು. ಯಾತ್ರೆಯೆಂದರೆ ಜನರನ್ನು ಕಂಡು ಮಾತನಾಡಿಸಿ ಕೊಟ್ಟು ಬರುವುದಷ್ಟೇ ಆದರೆ ದೇವರೆಲ್ಲಿ ಉಳಿದನು, ತೀರ್ಥದ ಮಹಿಮೆ ಎಲ್ಲಿ ಉಳಿಯಿತು, ಬೆಟ್ಟವನ್ನು ಬಿಟ್ಟು ಪೇಟೆಗೆ ಹೋದರೂ ಆಗದೇ ಎಂದು ಕೇಳುವವರುಂಟು. ಆಗದು. ಬೆಟ್ಟವು ಮನುಷ್ಯನನ್ನು ಚಿಕ್ಕವನನ್ನಾಗಿ ಮಾಡುತ್ತದೆ. ಚಿಕ್ಕವನಾದವನಿಗೆ ಇನ್ನೊಬ್ಬನು ಕಾಣಿಸುತ್ತಾನೆ. ಹಿರೇಬೆಣಕಲ್ಲಿನ ಗುಡ್ಡವನ್ನು ಏರಿ, ಸಾವಿರಾರು ವರ್ಷಗಳ ಹಿಂದಿನವರು ಕಲ್ಲುಚಪ್ಪಡಿಗಳಿಂದ ತಮ್ಮ ಸತ್ತವರಿಗಾಗಿ ಕಟ್ಟಿದ ನೂರಾರು ಮನೆಗಳ ನಡುವೆ ನಿಂತವನಿಗೆ ತನ್ನ ದೇಹಬಲದ ಅಭಿಮಾನವು ಸ್ವಲ್ಪ ಹೊತ್ತಾದರೂ ಇಳಿಯದೆ ಇರದು. ಏರುವ ಶ್ರಮವು ಈ ಇಳಿತಕ್ಕೆ ಸಾಧನ. ಆದಕಾರಣವೇ ಅಂಜನಾದ್ರಿಗೆ ರೋಪ್‌ವೇ ಬರಬೇಕೆಂಬ ಮಾತು ಬಂದಾಗ, ಮುದುಕರಿಗೂ ಕಾಲಿಲ್ಲದವರಿಗೂ ಅದು ಆಗಲಿ ಎಂದು ಮನಸಾರೆ ಒಪ್ಪುವ ನಾನು, ಕಾಲುಳ್ಳವರು ಮೆಟ್ಟಿಲನ್ನು ಬಿಡಬಾರದೆಂದೇ ಹೇಳುತ್ತೇನೆ. ಯಾವ ಭಕ್ತನೂ ಯಾವ ಆರೋಹಿಯೂ ಒಬ್ಬರನ್ನೊಬ್ಬರು ಕೀಳೆಂದು ಎಣಿಸಬೇಕಾಗಿಲ್ಲ. ಇಬ್ಬರೂ ಇಳಿದ ಮೇಲೆ ಯಾರ ಮನೆಯ ಮುಂದೆ ನಿಲ್ಲುತ್ತಾರೆಂಬುದನ್ನು ನಾನು ನೋಡುತ್ತೇನೆ.

ಆದುದರಿಂದ ಆನೆಗೊಂದಿಗೆ ಬರುವವರಲ್ಲಿ, ಅವರು ಮಾಲೆ ಧರಿಸಿ ಬರಲಿ, ಬೆನ್ನಿಗೆ ಹಾಸಿಗೆ ಕಟ್ಟಿಕೊಂಡು ಬರಲಿ, ನನ್ನದೊಂದು ಬಿನ್ನಹವಿದೆ. ಹಿಂದಿರುಗುವಾಗ ಕೊಪ್ಪಳದಲ್ಲಿ ಅರ್ಧ ದಿನ ನಿಲ್ಲಿರಿ. ಬಿಸಿಲೇರುವ ಮೊದಲು ಪಾಲ್ಕಿಗುಂಡನ್ನು ಹತ್ತಿರಿ. ಎರಡು ದೊಡ್ಡ ಗುಂಡುಗಳ ಮೇಲೆ ಚಪ್ಪಡಿಯೊಂದು ಪಲ್ಲಕ್ಕಿಯ ಚಾವಣಿಯಂತೆ ನಿಂತಿರುವಲ್ಲಿ, ಅದರ ಕೆಳಗೆ, ಶಾಸನವಿದೆ. ಅಕ್ಷರಗಳು ಬಹಳ ಸವೆದಿವೆ. ದಾರಿಯನ್ನು ಕೈಯಲ್ಲಿನ ಫೋನಿನಿಂದ ತಿಳಿಯಬೇಡಿರಿ. ಊರಿನಲ್ಲಿ ಎದುರಾದ ಯಾರನ್ನಾದರೂ ಕೇಳಿರಿ. ಕೊಪ್ಪಳದವರಾದ ನಾವು, ಯಾರಾದರೂ ಹಾಗೆ ಕೇಳಿದಾಗ, ಕೈಯಲ್ಲಿನ ಕೆಲಸವನ್ನು ಬಿಟ್ಟು ಬೆಟ್ಟದ ಬುಡದವರೆಗೆ ಜೊತೆಗೆ ಹೋಗಿ ತೋರಿಸೋಣ.